ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್

(ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ.ಎ.)

ರಾತ್ರಿ ಮಲಗುವ ಮುನ್ನ ಹಾಲಿಗೆ ಹೆಪ್ಪು ಹಾಕುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಕೆಲಸ. ಕನ್ನಡಿಗರಾದ ನಾವು ರಕ್ತಕ್ಕೂ ಅದೇ ಮಾತನ್ನು ಬಳಸುತ್ತೇವೆ. ಈಳಿಗೆಮಣೆ ತಗುಲಿ ಬೆರಳು ಕುಯ್ದರೆ ರಕ್ತ ಸ್ವಲ್ಪ ಹೊತ್ತು ಹರಿದು ತಾನಾಗಿಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಇದು ಎಷ್ಟು ಸಹಜವೆಂದರೆ, ಏಕೆ ನಿಂತಿತೆಂದು ಯಾರೂ ಕೇಳುವುದಿಲ್ಲ. ನಿಲ್ಲದೆ ಹೋದಾಗಲೂ ನಾವು ಕೇಳುವುದು ಅಪರೂಪವೇ. ಮಕ್ಕಳ ಮೂಗಿನಿಂದ ಪದೇ ಪದೇ ರಕ್ತ ಬಂದರೆ ಉಷ್ಣವೆಂದು ನೆತ್ತಿಗೆ ತಣ್ಣೀರು ತಟ್ಟುತ್ತೇವೆ. ಹೆಂಗಸರಿಗೆ ತಿಂಗಳ ಸ್ರಾವ ಹತ್ತು ಹನ್ನೆರಡು ದಿನ ನಿಲ್ಲದಿದ್ದರೆ ಅದು ಹೆಣ್ಣುಜನ್ಮದ ಕಷ್ಟವೆಂದು ಸುಮ್ಮನಾಗುತ್ತೇವೆ.

ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನನ್ನ ಚಿಕ್ಕಮ್ಮನಿಗೆ ಹುಡುಗಿಯಾಗಿದ್ದಾಗಿನಿಂದ ಈ ಬಾಧೆ ಇತ್ತು. ಮೊದಲನೆಯ ಹೆರಿಗೆಯಲ್ಲಿ ಆಕೆ ಉಳಿದದ್ದೇ ದೊಡ್ಡದು. ತೋರಿಸಿದ ಕಡೆಯಲ್ಲೆಲ್ಲ ನಿಶ್ಶಕ್ತಿಯೆಂದು ಹೇಳಿ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ವರ್ಷದ ಹಿಂದೆ ಒಂದು ಹಲ್ಲು ಕೀಳಿಸಿದಾಗ ಇಡೀ ರಾತ್ರಿ ರಕ್ತ ನಿಲ್ಲಲಿಲ್ಲ. ಆಗ ನೋಡಿದ ಒಬ್ಬ ವೈದ್ಯರು ಔಷಧಿ ಬರೆಯುವುದಕ್ಕೆ ಮೊದಲು ನನ್ನ ಅಜ್ಜಿಯನ್ನು ಕೂರಿಸಿಕೊಂಡು, ಮನೆತನದಲ್ಲಿ ಇನ್ನು ಯಾರಿಗೆ ಹೀಗೆ ಆಗುತ್ತಿತ್ತೆಂದು ಕೇಳಿದರು. ಅಜ್ಜಿ ಒಂದೊಂದೇ ಹೆಸರು ಹೇಳುತ್ತ ಹೋದಳು. ಹೆಂಗಸರಿಗೆ ಒಂದು ಸೊನ್ನೆ, ಗಂಡಸರಿಗೆ ಒಂದು ಚೌಕ ಎಂದು ಅವರು ಕಾಗದದ ಮೇಲೆ ಬರೆದುಕೊಂಡರು. ಅನಂತರ ರಕ್ತಪರೀಕ್ಷೆ ಮಾಡಿಸಿ ಕಾಯಿಲೆಯ ಹೆಸರು ತಿಳಿಸಿದರು. ಅದು ಒಬ್ಬ ಮನುಷ್ಯನ ಹೆಸರು. ನಮ್ಮ ಮನೆಯಲ್ಲಿ ಯಾರ ನಾಲಗೆಗೂ ಅದು ಹೊರಳಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ಆ ಮನುಷ್ಯ ಯಾರೆಂದು ತಿಳಿದು ಹೇಳುವ ಭಾರ ನನ್ನ ಮೇಲೆ ಬಿದ್ದಿತು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಓದಿ ನನಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಎರಿಕ್ ಅಡಾಲ್ಫ್ ಫಾನ್ ವಿಲ್ಲೆಬ್ರಾಂಡ್ ಅವರು 1870ನೆಯ ಇಸವಿ ಫೆಬ್ರವರಿ 1ರಂದು ಫಿನ್ಲೆಂಡ್ ದೇಶದ ವಾಸಾ ಎಂಬ ಪಟ್ಟಣದಲ್ಲಿ ಜನಿಸಿದರು. ಫಿನ್ಲೆಂಡ್ ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು, ಸ್ವತಂತ್ರವಾದದ್ದು 1917ರಲ್ಲಿ. ವಿಲ್ಲೆಬ್ರಾಂಡರದು ಸ್ವೀಡಿಷ್ ಭಾಷೆಯನ್ನಾಡುವ ಕುಲೀನ ಮನೆತನ. ತಂದೆ ಜಿಲ್ಲೆಯ ಇಂಜಿನಿಯರಾಗಿದ್ದರು. ಬಾಲಕನಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಬಹಳ ಆಸಕ್ತಿ. ಗಿಡಮೂಲಿಕೆಗಳನ್ನೂ ಚಿಟ್ಟೆಗಳನ್ನೂ ಹುಡುಕಿ ತಂದು ಸಂಗ್ರಹಿಸುವುದೇ ಬಿಡುವಿನ ವೇಳೆಯ ಹವ್ಯಾಸವಾಗಿತ್ತು. ಒಂದು ಎಲೆಗೂ ಅದನ್ನು ಹೋಲುವ ಇನ್ನೊಂದು ಎಲೆಗೂ ಇರುವ ಸಣ್ಣ ಭೇದವನ್ನು ಗುರುತಿಸುವ ಅಭ್ಯಾಸ ಮುಂದೆ ಅವರ ವೃತ್ತಿಗೆ ಒದಗಿಬಂದಿತೆಂದು ಅವರ ಜೀವನವನ್ನು ಓದಿದವರಿಗೆ ತೋರದೆ ಇರದು.

1890ರಲ್ಲಿ ಅವರು ಹೆಲ್ಸಿಂಕಿಯ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ 1896ರಲ್ಲಿ ಪದವಿ ಪಡೆದರು. ನಡುವೆ 1894 ಮತ್ತು 1895ರ ಬೇಸಿಗೆಗಳನ್ನು ಓಲಾಂಡ್ ದ್ವೀಪಗಳಲ್ಲಿ ಕಳೆದರು. ಇವು ಸ್ವೀಡನ್ ಮತ್ತು ಫಿನ್ಲೆಂಡುಗಳ ನಡುವಣ ಬಾಲ್ಟಿಕ್ ಸಮುದ್ರದಲ್ಲಿ ಚೆಲ್ಲಿದಂತಿರುವ ಸಾವಿರಾರು ಸಣ್ಣ ಪುಟ್ಟ ದ್ವೀಪಗಳು. ಅಲ್ಲಿಯ ಮುಖ್ಯ ಪಟ್ಟಣವಾದ ಮಾರಿಯೆಹಾಮ್‌ನಲ್ಲಿ ಜನರು ಆರೋಗ್ಯಸ್ನಾನಕ್ಕಾಗಿ ಬಂದು ತಂಗುತ್ತಿದ್ದ ಒಂದು ಸ್ಥಳವಿತ್ತು. ತರುಣ ವಿಲ್ಲೆಬ್ರಾಂಡರು ಅಲ್ಲಿ ಕಿರಿಯ ವೈದ್ಯರಾಗಿದ್ದರು. ಮೂವತ್ತು ವರ್ಷಗಳ ತರುವಾಯ ಅದೇ ದ್ವೀಪಗಳಿಂದ ಒಂದು ಮಗು ತಮ್ಮ ಬಳಿಗೆ ಬರುವುದೆಂದು ಆಗ ಅವರಿಗೆ ಹೇಗೆ ತಿಳಿಯಬೇಕು?

ಪದವಿಯ ನಂತರ ಅವರು ಹೆಲ್ಸಿಂಕಿಯ ಡೀಕನೆಸ್ ಸಂಸ್ಥೆಯ ಆಸ್ಪತ್ರೆಯನ್ನು ಸೇರಿದರು. ಅದು ಕ್ರೈಸ್ತ ಸೇವಾವ್ರತ ತೊಟ್ಟ ಸ್ತ್ರೀಯರು ರೋಗಿಗಳ ಶುಶ್ರೂಷೆಗೆ ನಿಂತ ಸಂಸ್ಥೆ. 1899ರಲ್ಲಿ ಡಾಕ್ಟರೇಟಿಗಾಗಿ ಅವರು ಬರೆದ ಪ್ರಬಂಧದ ವಿಷಯವೂ ರಕ್ತವೇ: ದೇಹದಿಂದ ಹೆಚ್ಚು ರಕ್ತ ಹೊರಟುಹೋದ ಮೇಲೆ ಉಳಿದ ರಕ್ತದಲ್ಲಿ ಆಗುವ ಬದಲಾವಣೆಗಳನ್ನು ಕುರಿತದ್ದು. 1900ರಲ್ಲಿ ವಿವಾಹವಾಯಿತು; ಇಬ್ಬರು ಹೆಣ್ಣುಮಕ್ಕಳು. ಕೆಲಕಾಲ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದರು. 1908ರಿಂದ ಮೊದಲ್ಗೊಂಡು 1930ರ ದಶಕದಲ್ಲಿ ನಿವೃತ್ತರಾಗುವವರೆಗೆ ಅವರ ಬಾಳೆಲ್ಲ ಡೀಕನೆಸ್ ಆಸ್ಪತ್ರೆಯಲ್ಲಿಯೇ ಸಾಗಿತು. ಮಧುಮೇಹದ ವಿಷಯದಲ್ಲಿಯೂ ಅವರು ಕೆಲಸ ಮಾಡಿದರು. ಇನ್ಸುಲಿನ್ ಔಷಧಿ ಬಳಕೆಗೆ ಬಂದ ಆರಂಭದ ದಿನಗಳಲ್ಲಿಯೇ ಅದನ್ನು ರೋಗಿಗಳಿಗೆ ಕೊಟ್ಟು, ಅದರ ವಿಚಾರವಾಗಿ ಬರೆದವರಲ್ಲಿ ಅವರೊಬ್ಬರು. ಇಷ್ಟಾದರೂ ಅವರು ಮಾತು ಕಡಿಮೆಯ ಮನುಷ್ಯ. ತಮ್ಮ ಸಾಧನೆಯನ್ನು ಹೇಳಿಕೊಳ್ಳುವವರಲ್ಲ.

1924ರಲ್ಲಿ ಓಲಾಂಡಿನ ಫೋಗ್ಲೊ ಎಂಬ ದ್ವೀಪದಿಂದ ಐದು ವರ್ಷದ ಒಬ್ಬ ಹುಡುಗಿಯನ್ನು ಅವರಲ್ಲಿಗೆ ಕರೆತಂದರು. ಮಕ್ಕಳ ದೊಡ್ಡ ಸಂಸಾರ ಅವಳದು. ನಾಲ್ವರು ಒಡಹುಟ್ಟಿದ ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ರಕ್ತ ನಿಲ್ಲದೆ ತೀರಿಹೋಗಿದ್ದರು. ಈ ಹುಡುಗಿಗೂ ಮೂರನೆಯ ವಯಸ್ಸಿನಲ್ಲಿ ತುಟಿಗೆ ಗಾಯವಾಗಿ ದಿನಗಟ್ಟಲೆ ರಕ್ತ ಹರಿದು ಜೀವಕ್ಕೆ ಅಪಾಯವಾಗಿತ್ತು. ತಾಯಿಯ ಕಡೆ, ತಂದೆಯ ಕಡೆ, ಎರಡೂ ಮನೆತನಗಳಲ್ಲಿ ರಕ್ತಸ್ರಾವದ ಬಾಧೆ ಇದ್ದವರಿದ್ದರು.

ಇಲ್ಲಿ ಆ ಕಾಲದ ತಿಳುವಳಿಕೆಯನ್ನು ಸ್ವಲ್ಪ ಹೇಳಬೇಕು. ರಕ್ತ ನಿಲ್ಲದ ಒಂದು ಆನುವಂಶಿಕ ರೋಗ ವೈದ್ಯರಿಗೆ ಮೊದಲೇ ಗೊತ್ತಿತ್ತು. ಅದೇ ಹಿಮೋಫಿಲಿಯ, ನಮ್ಮ ಪಠ್ಯಪುಸ್ತಕಗಳಲ್ಲಿ ಕುಸುಮರೋಗವೆಂದು ಬರೆದಿರುವುದು. ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ವಂಶದಿಂದಾಗಿ ಲೋಕಪ್ರಸಿದ್ಧವಾದ ರೋಗ. ತಾಯಿ ಅದನ್ನು ಹೊತ್ತಿರುತ್ತಾಳೆ, ಮಗ ಅನುಭವಿಸುತ್ತಾನೆ ಎಂಬುದು ಅದರ ಲಕ್ಷಣ. ಹೀಗಾಗಿ ರಕ್ತ ನಿಲ್ಲದ ರೋಗವೆಂದರೆ ಗಂಡಸರ ರೋಗ ಎಂಬ ಭಾವನೆ ಬೇರೂರಿತ್ತು. ಒಬ್ಬ ಹೆಂಗಸು ಹಾಗೆ ಬಳಲಿದರೆ ಬೇರೆ ಏನಾದರೂ ಕಾರಣ ಹುಡುಕುತ್ತಿದ್ದರು, ಇಲ್ಲವೆ ಅದು ಹೆಂಗಸರಿಗೆ ಸಹಜವೆಂದು ಬಿಡುತ್ತಿದ್ದರು.

ವಿಲ್ಲೆಬ್ರಾಂಡರು ಹಾಗೆ ಬಿಡಲಿಲ್ಲ. ಆ ಒಂದು ಮಗುವಿನ ಚಿಕಿತ್ಸೆಗೆ ನಿಲ್ಲದೆ, ಅವಳ ಬಂಧುಬಳಗದ ವೃತ್ತಾಂತವನ್ನೆಲ್ಲ ಕಲೆಹಾಕಿದರು. ಒಟ್ಟು 66 ಮಂದಿಯ ವಿಚಾರ ತಿಳಿದುಬಂದಿತು. ಅವರಲ್ಲಿ 23 ಮಂದಿಗೆ ರಕ್ತಸ್ರಾವದ ಬಾಧೆ ಇತ್ತು. ಹೆಂಗಸರು 16, ಗಂಡಸರು 7. ಇದು ಗಂಡಸರ ರೋಗವೆಂಬ ಮಾತಿಗೆ ಇಲ್ಲಿ ಎಡೆಯೇ ಇರಲಿಲ್ಲ. ರಕ್ತ ಬರುತ್ತಿದ್ದ ಬಗೆಯೂ ಬೇರೆ. ಹಿಮೋಫಿಲಿಯದಲ್ಲಿ ಮೊಣಕಾಲು ಮೊದಲಾದ ಕೀಲುಗಳೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಇವರಿಗೆ ಮೂಗು, ವಸಡು, ಸಣ್ಣ ಗಾಯ, ತಿಂಗಳ ಸ್ರಾವ, ಹೆರಿಗೆ, ಇವುಗಳಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಹೆಂಗಸರಲ್ಲಿ ಬಾಧೆ ಹೆಚ್ಚಾಗಿ ಕಂಡುಬರಲು ಇದೇ ಕಾರಣವೆಂಬುದು ಸ್ಪಷ್ಟ. ಗಂಡಸಿಗೆ ಗಾಯವಾದಾಗ ಮಾತ್ರ ಪರೀಕ್ಷೆ. ಹೆಂಗಸಿಗೆ ತಿಂಗಳು ತಿಂಗಳೂ ಪರೀಕ್ಷೆ.

ಮುಂದೆ ಅವರು ರಕ್ತವನ್ನೇ ಪರೀಕ್ಷಿಸಿದರು. ರಕ್ತ ನಿಲ್ಲುವುದರಲ್ಲಿ ಎರಡು ಹಂತಗಳಿವೆ. ಗಾಯವಾದೊಡನೆ ರಕ್ತದಲ್ಲಿರುವ ಕಿರುಬಿಲ್ಲೆಗಳೆಂಬ ಅತಿ ಸಣ್ಣ ಕಣಗಳು ಗಾಯದ ಬಾಯಿಗೆ ಅಂಟಿಕೊಂಡು ಬಿರಡೆಯಂತೆ ಮುಚ್ಚುತ್ತವೆ. ಇದು ಮೊದಲನೆಯದು. ಆಮೇಲೆ ರಕ್ತ ಹೆಪ್ಪುಗಟ್ಟಿ ಆ ಬಿರಡೆಯನ್ನು ಭದ್ರಪಡಿಸುತ್ತದೆ. ಇದು ಎರಡನೆಯದು. ಚರ್ಮಕ್ಕೆ ಸಣ್ಣ ಗಾಯ ಮಾಡಿ ಎಷ್ಟು ನಿಮಿಷಕ್ಕೆ ರಕ್ತ ನಿಲ್ಲುತ್ತದೆಂದು ನೋಡಿದರೆ ಮೊದಲನೆಯ ಹಂತ ತಿಳಿಯುತ್ತದೆ. ರಕ್ತವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ನೋಡಿದರೆ ಎರಡನೆಯದು ತಿಳಿಯುತ್ತದೆ. ಫೋಗ್ಲೊ ದ್ವೀಪದ ರೋಗಿಗಳ ರಕ್ತ ನಳಿಗೆಯಲ್ಲಿ ಎಲ್ಲರ ರಕ್ತದಂತೆಯೇ ಹೆಪ್ಪುಗಟ್ಟಿತು. ಕಿರುಬಿಲ್ಲೆಗಳನ್ನು ಎಣಿಸಿದರೆ ಲೆಕ್ಕದಲ್ಲಿ ಕೊರತೆ ಇರಲಿಲ್ಲ. ಆದರೆ ಕೆಲವು ನಿಮಿಷಗಳಲ್ಲಿ ನಿಲ್ಲಬೇಕಾದ ಚರ್ಮದ ಗಾಯದ ರಕ್ತ ಎಷ್ಟೋ ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಹಿಮೋಫಿಲಿಯದಲ್ಲಿ ಕಂಡುಬರುವುದಕ್ಕೆ ಇದು ತಲೆಕೆಳಗಾದ ಚಿತ್ರ.

1926ರಲ್ಲಿ ಅವರು ಈ ಎಲ್ಲ ವಿವರಗಳನ್ನು ಫಿನ್ಲೆಂಡಿನ ವೈದ್ಯಸಂಘದ ಪತ್ರಿಕೆಯಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದರು. ಇದು ಹಿಮೋಫಿಲಿಯದಂತೆ ಕಂಡರೂ ಹಿಮೋಫಿಲಿಯವಲ್ಲವೆಂದು ತೋರಿಸುವುದಕ್ಕಾಗಿ ಆನುವಂಶಿಕ ಮಿಥ್ಯಾ ಹಿಮೋಫಿಲಿಯ ಎಂಬ ಅರ್ಥದ ಹೆಸರಿಟ್ಟರು. ಸ್ವೀಡಿಷ್ ಬಲ್ಲವರು ಲೋಕದಲ್ಲಿ ಎಷ್ಟು ಮಂದಿ? 1931ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಮೇಲೆ ಇತರ ದೇಶಗಳ ವೈದ್ಯರ ಗಮನ ಅತ್ತ ಹರಿಯಿತು. ಅನಂತರ ಜರ್ಮನಿಯ ಲೈಪ್ಸಿಗ್ ನಗರದ ರುಡಾಲ್ಫ್ ಯೂರ್ಗೆನ್ಸ್ ಎಂಬ ವೈದ್ಯರೊಡನೆ ಸೇರಿ ಅದೇ ದ್ವೀಪದ ರೋಗಿಗಳನ್ನು ಮತ್ತೆ ಪರೀಕ್ಷಿಸಿ 1933ರಲ್ಲಿ ಇನ್ನೊಂದು ಲೇಖನ ಬರೆದರು. ದೋಷವಿರುವುದು ಕಿರುಬಿಲ್ಲೆಗಳ ಗುಣದಲ್ಲಿ ಎಂದು ಅವರು ತೀರ್ಮಾನಿಸಿದರು. ಲೆಕ್ಕದಲ್ಲಿ ಕೊರತೆಯಿಲ್ಲದಿದ್ದರೂ ಅವು ಅಂಟಿಕೊಳ್ಳುತ್ತಿಲ್ಲವೆಂದ ಮೇಲೆ ದೋಷ ಅವುಗಳದೇ ಇರಬೇಕೆಂದು ತರ್ಕಿಸುವುದು ನ್ಯಾಯವಷ್ಟೆ. ಆದರೆ ಈ ತರ್ಕ ಸರಿಯಾಗಿರಲಿಲ್ಲ.

ಅಷ್ಟರಲ್ಲಿ ಆ ಹುಡುಗಿ ದೊಡ್ಡವಳಾಗಿ ಋತುಮತಿಯಾದಳು. ನಾಲ್ಕನೆಯ ಬಾರಿಯ ಋತುಸ್ರಾವ ನಿಲ್ಲಲೇ ಇಲ್ಲ. ಹದಿಹರೆಯದ ಹೊಸ್ತಿಲಲ್ಲಿಯೇ ಅವಳು ತೀರಿಕೊಂಡಳು. ಅವಳ ರೋಗವನ್ನು ಅಷ್ಟು ನಿಖರವಾಗಿ ಬರೆದಿಟ್ಟ ವೈದ್ಯರ ಕೈಯಲ್ಲಿ ಅವಳನ್ನು ಉಳಿಸುವ ಔಷಧಿ ಇರಲಿಲ್ಲ. ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳ ಕಲಕಿದ ಭಾಗ ಇದು.

ವಿಲ್ಲೆಬ್ರಾಂಡರು ನಿವೃತ್ತರಾದ ಮೇಲೂ ಓದು ಬರಹ ಬಿಡಲಿಲ್ಲ. 75 ವರ್ಷ ತುಂಬಿದ 1945ರಲ್ಲಿಯೂ ಆನುವಂಶಿಕ ರಕ್ತರೋಗಗಳನ್ನು ಕುರಿತು ಅವರ ಲೇಖನ ಪ್ರಕಟವಾಯಿತು. 1949ರ ಸೆಪ್ಟೆಂಬರ್ 12ರಂದು, 79ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ರೋಗದ ನಿಜವಾದ ಮೂಲ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಮೂಲ ಅಡಗಿದ್ದದ್ದು ಪ್ಲಾಸ್ಮಾದಲ್ಲಿ. ರಕ್ತದಿಂದ ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಇವೆಲ್ಲವನ್ನೂ ಬೇರ್ಪಡಿಸಿದರೆ ಉಳಿಯುವ ನಸುಹಳದಿ ದ್ರವವೇ ಪ್ಲಾಸ್ಮಾ. ಅದರಲ್ಲಿ ಹೆಚ್ಚು ಪಾಲು ನೀರು; ನೂರರಲ್ಲಿ ಏಳು ಪಾಲಿನಷ್ಟು ಪ್ರೋಟೀನುಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರಿಗಾಗಿ ಅಮೆರಿಕದ ಹಾರ್ವರ್ಡಿನಲ್ಲಿ ಎಡ್ವಿನ್ ಕೋನ್ ಎಂಬುವರು ಈ ಪ್ರೋಟೀನುಗಳನ್ನು ತಣ್ಣಗಿನ ಮದ್ಯಸಾರದಿಂದ ಭಾಗ ಭಾಗವಾಗಿ ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿದರು. ಅದನ್ನು ಸ್ವೀಡನ್ನಿನಲ್ಲಿ ಬಿರ್ಗರ್ ಮತ್ತು ಮಾರ್ಗರೆಟಾ ಬ್ಲೊಂಬೆಕ್ ದಂಪತಿಗಳು ಇನ್ನಷ್ಟು ಶುದ್ಧಿಗೊಳಿಸಿದರು. ಅವರೂ, ಇಂಗಾ ಮಾರಿಯೆ ನಿಲ್ಸನ್ ಎಂಬ ವೈದ್ಯೆಯೂ ಕೂಡಿದ ತಂಡ 1957ರಲ್ಲಿ ಓಲಾಂಡಿಗೆ ಹೋಗಿ ಅದೇ ಮನೆತನಗಳವರ ರಕ್ತವನ್ನು ಪರೀಕ್ಷಿಸಿತು. ಕಿರುಬಿಲ್ಲೆಗಳು ನಿರ್ದೋಷವಾಗಿದ್ದವು. ಹಿಮೋಫಿಲಿಯದಲ್ಲಿ ಇಲ್ಲದಿರುವ ಎಂಟನೆಯ ಅಂಶವೆಂಬ ಪ್ಲಾಸ್ಮಾ ಪ್ರೋಟೀನು ಮಾತ್ರ ಇವರಲ್ಲಿಯೂ ಕಡಿಮೆಯಿತ್ತು.

ಹಾಗಾದರೆ ಇದು ಹಿಮೋಫಿಲಿಯವೇ ಆಯಿತಲ್ಲ ಎಂದು ತೋರಬಹುದು. ಅದಕ್ಕೆ ಆ ತಂಡದವರು ಮಾಡಿದ ಪರೀಕ್ಷೆ ಬಹು ಸೊಗಸಾದದ್ದು. ಆರೋಗ್ಯವಂತರ ಪ್ಲಾಸ್ಮಾದಿಂದ ತೆಗೆದ ಪ್ರೋಟೀನನ್ನು ಈ ರೋಗಿಗಳಿಗೆ ಕೊಟ್ಟಾಗ ರಕ್ತ ನಿಂತಿತು. ಬಳಿಕ ಹಿಮೋಫಿಲಿಯ ರೋಗಿಗಳ ಪ್ಲಾಸ್ಮಾದಿಂದ ಅದೇ ರೀತಿ ತೆಗೆದದ್ದನ್ನು ಕೊಟ್ಟರು. ಅದರಲ್ಲಿ ಎಂಟನೆಯ ಅಂಶ ಇರಲಿಲ್ಲ. ಆದರೂ ರಕ್ತ ನಿಂತಿತು! ಅಂದರೆ ನಿಲ್ಲಿಸಿದ್ದು ಬೇರೊಂದು ಪ್ರೋಟೀನು; ಓಲಾಂಡಿನವರಲ್ಲಿ ಇಲ್ಲದಿದ್ದದ್ದು ಅದು. ಅದಕ್ಕೆ ಫಾನ್ ವಿಲ್ಲೆಬ್ರಾಂಡ್ ಅಂಶವೆಂಬ ಹೆಸರು ನಿಂತಿತು. 1971ರಲ್ಲಿ ಅದನ್ನು ಎಂಟನೆಯ ಅಂಶದಿಂದ ಬೇರೆಯಾಗಿ ಗುರುತಿಸಲಾಯಿತು. 1985ರಲ್ಲಿ, ಹನ್ನೆರಡನೆಯ ವರ್ಣತಂತುವಿನಲ್ಲಿರುವ ಅದರ ಜೀನ್ ದೊರೆಯಿತು. ಗಂಡು ಹೆಣ್ಣೆಂಬ ಭೇದವಿಲ್ಲದೆ ರೋಗ ಬರುವುದೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಪ್ರೋಟೀನಿನ ಕೆಲಸ ಬಹಳ ವಿಚಿತ್ರವಾದದ್ದು. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು 70 ಮಿಲಿಗ್ರಾಂ ಪ್ರೋಟೀನು ಇದ್ದರೆ, ಇದು ಒಂದು ಮಿಲಿಗ್ರಾಮಿನ ಸುಮಾರು ನೂರನೆಯ ಒಂದು ಪಾಲು ಮಾತ್ರ. ಇದನ್ನು ಮುಖ್ಯವಾಗಿ ತಯಾರಿಸುವುದು ರಕ್ತನಾಳಗಳ ಒಳಪದರದ ಕೋಶಗಳು. ನೂಲಿನ ಉಂಡೆಯಂತೆ ಸುತ್ತಿಕೊಂಡು ಇದು ರಕ್ತದೊಡನೆ ಹರಿಯುತ್ತಿರುತ್ತದೆ. ನಾಳ ಹರಿದೊಡನೆ ಗಾಯದ ಬಾಯಿಗೆ ಒಂದು ಕೊನೆ ಅಂಟಿಕೊಂಡು, ರಕ್ತದ ಸೆಳೆತಕ್ಕೆ ಉಂಡೆ ಬಿಚ್ಚಿ ಉದ್ದವಾಗಿ, ಓಡುತ್ತಿರುವ ಕಿರುಬಿಲ್ಲೆಗಳನ್ನು ಹಿಡಿದು ನಿಲ್ಲಿಸುತ್ತದೆ. ಎಂಟನೆಯ ಅಂಶವನ್ನು ತನ್ನ ಮೈಗೆ ಅಂಟಿಸಿಕೊಂಡು ಕಾಪಾಡುವುದೂ ಇದೇ. ಆದ್ದರಿಂದ ಇದು ಇಲ್ಲದಿದ್ದರೆ ಅದೂ ಬೇಗ ನಾಶವಾಗುತ್ತದೆ. ಕಿರುಬಿಲ್ಲೆಗಳು ಅಂಟುತ್ತಿಲ್ಲವೆಂದು ವಿಲ್ಲೆಬ್ರಾಂಡರು ಹೇಳಿದ್ದು ನಿಜವೇ. ಕಲ್ಲುಗಳಲ್ಲಿ ದೋಷವಿರಲಿಲ್ಲ, ಗಾರೆ ಇರಲಿಲ್ಲ, ಗೋಡೆ ನಿಲ್ಲಲಿಲ್ಲ.

ಈಗ ಈ ರೋಗಕ್ಕೆ ಚಿಕಿತ್ಸೆಯಿದೆ. ಮೈಯಲ್ಲಿ ಸಂಗ್ರಹವಾಗಿರುವ ಪ್ರೋಟೀನನ್ನು ರಕ್ತಕ್ಕೆ ಬಿಡಿಸುವ ಡೆಸ್ಮೊಪ್ರೆಸಿನ್ ಎಂಬ ಔಷಧಿಯನ್ನು 1977ರಿಂದ ಈಚೆಗೆ ಬಳಸುತ್ತಿದ್ದಾರೆ. ಪ್ರೋಟೀನು ಸ್ವಲ್ಪವೂ ಇಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ. ಅವರಿಗೆ ಆ ಪ್ರೋಟೀನನ್ನೇ ಕೊಡಬೇಕು. ರೋಗ ಅಪೂರ್ವವೂ ಅಲ್ಲ. ಸಾವಿರಕ್ಕೆ ಒಬ್ಬರಿಗಾದರೂ ಬಾಧೆ ಕೊಡುವಷ್ಟು ಇದೆಯೆಂದು ವೈದ್ಯರ ಅಂದಾಜು. ಹೆಚ್ಚಿನವರಲ್ಲಿ ಪ್ರೋಟೀನು ಕಡಿಮೆ, ಇಲ್ಲವೆ ದೋಷಯುಕ್ತ, ಬಾಧೆಯೂ ಸೌಮ್ಯ. ಅತಿ ತೀವ್ರವಾದ ಬಗೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಉಂಟಾಗುತ್ತದೆ. ಆ ದ್ವೀಪದ ಹುಡುಗಿಗೆ ಆದದ್ದು ಅದು. ರಕ್ತಸಂಬಂಧದಲ್ಲಿ ಮದುವೆ ಹೆಚ್ಚಾಗಿರುವ ಕಡೆ ಈ ತೀವ್ರ ಬಗೆ ಹೆಚ್ಚಾಗಿ ಕಾಣುತ್ತದೆ. ಅಕ್ಕನ ಮಗಳನ್ನು ತರುವ, ಸೋದರತ್ತೆಯ ಮಗನಿಗೆ ಕೊಡುವ ನಮ್ಮ ಸೀಮೆಯವರು ಈ ಮಾತನ್ನು ಯೋಚಿಸಬೇಕಾಗಿದೆ. ಯಾರನ್ನೂ ಹೀಗಳೆಯುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ನನ್ನ ತಾಯಿತಂದೆಗಳದೂ ಸೋದರಿಕೆಯ ಮದುವೆಯೇ. ಮನೆಯಲ್ಲಿ ರಕ್ತ ನಿಲ್ಲದ ಬಾಧೆ ಇದ್ದರೆ ಲಗ್ನಕ್ಕೆ ಮೊದಲು ಜಾತಕದೊಡನೆ ಒಂದು ರಕ್ತಪರೀಕ್ಷೆಯನ್ನೂ ನೋಡಿದರೆ ನಷ್ಟವೇನು?

ವಿಲ್ಲೆಬ್ರಾಂಡರ ಜೀವನದಿಂದ ನಾನು ತಿಳಿದುಕೊಂಡದ್ದು ಇಷ್ಟು. ಅವರು ಕೊಟ್ಟ ಕಾರಣ ಉಳಿಯಲಿಲ್ಲ. ಇಟ್ಟ ಹೆಸರೂ ಉಳಿಯಲಿಲ್ಲ. ಉಳಿದದ್ದು ಅವರು ಕಂಡದ್ದನ್ನು ಕಂಡಂತೆ ಬರೆದ ಲೆಕ್ಕ: ಹದಿನಾರು ಹೆಂಗಸರು, ಏಳು ಗಂಡಸರು. ಆ ಹೆಂಗಸರ ಕಷ್ಟವನ್ನು ಅವರು ಹಣೆಬರಹಕ್ಕೆ ಬಿಡದೆ ರೋಗವೆಂದು ಎಣಿಸಿದರು. ಅವರು ಗತಿಸಿದ ಎಂಟು ವರ್ಷಗಳ ಮೇಲೆ ಬೇರೆಯವರು ಅದೇ ದ್ವೀಪಕ್ಕೆ ಹೋಗಿ ಮುಂದಿನ ಹೆಜ್ಜೆ ಇಡಲು ಸಾಧ್ಯವಾದದ್ದು ಆ ಲೆಕ್ಕದಿಂದ.

ಚಿಕ್ಕಮ್ಮ ಈಗ ಔಷಧಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಹಲ್ಲಿನ ವೈದ್ಯರ ಬಳಿ ಹೋದರೂ ಮೊದಲು ತನ್ನ ಕಾಯಿಲೆಯ ಚೀಟಿ ತೋರಿಸುತ್ತಾಳೆ. ಅಜ್ಜಿಗೆ ನಾನು ಈ ಕಥೆಯನ್ನೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಅಂದು ವೈದ್ಯರಿಗೆ ಹೇಳಲು ಮರೆತಿದ್ದ ಇನ್ನೊಂದು ಹೆಸರನ್ನು ಹೇಳಿದಳು. ಅದು ಅವಳ ತಂಗಿಯದು. ಚೊಚ್ಚಲ ಬಾಣಂತನದಲ್ಲಿ ತೀರಿಕೊಂಡವಳು. ಆ ಕಾಗದದ ಮೇಲೆ ನಾನೇ ಇನ್ನೊಂದು ಸೊನ್ನೆ ಬರೆದೆ.